ಎಡಪುಟದಲ್ಲಿ ಕಪ್ಪೆ, ಬಲಪುಟದಲ್ಲಿ ಹೊಯ್ಸಳರು

ಅರ್ಧಕ್ಕೆ ನಿಂತ ಓದನ್ನು ಮತ್ತೆ ಕೈಗೆತ್ತಿಕೊಳ್ಳುವುದೆಂದರೆ, ಅರ್ಧ ಹೆಣೆದು ಟ್ರಂಕಿನಲ್ಲಿಟ್ಟ ಸ್ವೆಟರನ್ನು ಹತ್ತು ವರ್ಷದ ಮೇಲೆ ಹೊರತೆಗೆದ ಹಾಗೆ. ಕಡ್ಡಿಗಳೇನೋ ಸಿಗುತ್ತವೆ. ಆದರೆ ಆ ಬಣ್ಣದ ಉಲ್ಲನ್ ಈಗ ಯಾವ ಅಂಗಡಿಯಲ್ಲೂ ಇರುವುದಿಲ್ಲ. ಯಾರ ಅಳತೆಗೆಂದು ಶುರು ಮಾಡಿದ್ದೆವೋ ಆ ಮಗು ಬೆಳೆದುಬಿಟ್ಟಿರುತ್ತದೆ. ಆಗ ಉಳಿಯುವ ದಾರಿ ಎರಡೇ. ಪೂರ್ತಿ ಬಿಚ್ಚಿ ಮೊದಲಿನಿಂದ ಹೆಣೆಯುವುದು, ಇಲ್ಲವೇ ಸಿಕ್ಕಿದ ಬಣ್ಣವನ್ನೇ ಸೇರಿಸಿ ಮುಂದುವರಿಸುವುದು. ಮನೆಯಲ್ಲಿ ನಾವು ಹೆಂಗಸರು ಹೆಚ್ಚಾಗಿ ಎರಡನೆಯದನ್ನೇ ಮಾಡುತ್ತೇವೆ. ಕಾಲೇಜಿನವರು ಮಾತ್ರ, "ಬಿಚ್ಚಿ ಬನ್ನಿ, ಆಮೇಲೆ ನೋಡೋಣ" ಎನ್ನುತ್ತಾರೆ.

ನಾನು 1988ರಲ್ಲಿ ಹಾಸನದಲ್ಲಿ ಬಿ.ಎಸ್ಸಿ.ಗೆ ಸೇರಿದವಳು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸಿ.ಬಿ.ಜೆಡ್. ಹಳ್ಳಿಯ ಪೋಸ್ಟ್ ಮಾಸ್ತರರಾಗಿದ್ದ ನಮ್ಮಪ್ಪನಿಗೆ ಈ ಮೂರು ಅಕ್ಷರ ಮಂತ್ರದ ಹಾಗಿತ್ತು. ಕಾಗದ ಕೊಡಲು ಹೋದ ಮನೆಗಳಲ್ಲೆಲ್ಲ, ಕೇಳಿದವರಿಗೂ ಕೇಳದವರಿಗೂ, "ನಮ್ಮ ಹುಡುಗಿ ಸೈನ್ಸು" ಎಂದು ಹೇಳಿ ಬರುತ್ತಿದ್ದರು. ನನಗೂ ಲ್ಯಾಬೆಂದರೆ ಪ್ರಾಣ. ಕಿಪ್ಸ್ ಉಪಕರಣದಿಂದ ಬರುವ ಕೊಳೆತ ಮೊಟ್ಟೆಯ ವಾಸನೆಗೆ ಗೆಳತಿಯರೆಲ್ಲ ಸೆರಗು ಮುಚ್ಚಿಕೊಂಡು ಓಡಿದರೆ, ನಾನು ಅಲ್ಲೇ ನಿಂತು ಯಾವ ಲವಣ ಎಂದು ಕಂಡುಹಿಡಿಯುತ್ತಿದ್ದೆ. ಜ್ವಾಲೆಯಲ್ಲಿ ತಾಮ್ರ ಹಸಿರಾಗಿ ಉರಿಯುವುದನ್ನು ಮೊದಲ ಸಲ ನೋಡಿದ ದಿನ ರಾತ್ರಿ ನಿದ್ದೆಯೇ ಬರಲಿಲ್ಲ.

ಎರಡು ವರ್ಷ ಹೀಗೆ ಕಳೆಯಿತು. 1990ರಲ್ಲಿ ಒಳ್ಳೆಯ ಕಡೆಯಿಂದ ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ, ಶಿವಮೊಗ್ಗದಲ್ಲಿ ಕೆಲಸ. "ಮದುವೆಯಾದ ಮೇಲೂ ಓದಬಹುದಲ್ಲ" ಎಂದು ಎರಡೂ ಕಡೆಯ ಹಿರಿಯರು ಹೇಳಿದರು. ಯಾರೂ ಸುಳ್ಳು ಹೇಳಲಿಲ್ಲ. ಓದಬಹುದಾಗಿತ್ತು. ಆದರೆ 1991ರಲ್ಲಿ ಮಗಳು ಹುಟ್ಟಿದಳು, 1994ರಲ್ಲಿ ಮಗ. ನಡುವೆ ಮಾವನವರ ಕಾಯಿಲೆ, ನಾದಿನಿಯ ಮದುವೆ. ನಮ್ಮ ಓದಿಗೆ ಯಾರೂ ಅಡ್ಡ ಬರುವುದಿಲ್ಲ, ಆದರೆ ಎಲ್ಲರೂ ನಮ್ಮ ಹೊತ್ತಿನಲ್ಲಿ ಒಂದೊಂದು ಚೂರು ತೆಗೆದುಕೊಳ್ಳುತ್ತಾರೆ. ಕೊನೆಗೆ ನೋಡಿದರೆ ದಿನ ಮುಗಿದಿರುತ್ತದೆ.

1998ರ ಜೂನ್‌ನಲ್ಲಿ ಚಿಕ್ಕವನೂ ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ, ಇನ್ನು ಒಂದೇ ವರ್ಷದ್ದಲ್ಲವೇ, ಮುಗಿಸಿಬಿಡೋಣ ಎಂದು ಟ್ರಂಕಿನಿಂದ ಅಂಕಪಟ್ಟಿ ತೆಗೆದುಕೊಂಡು ಒಂದು ಕಾಲೇಜಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಮೈಸೂರು ವಿಶ್ವವಿದ್ಯಾನಿಲಯದ್ದು. ನಮ್ಮದು ಕುವೆಂಪು. ಪಠ್ಯ ಬೇರೆ, ಪರೀಕ್ಷೆ ಬೇರೆ. ಅದೂ ಎಂಟು ವರ್ಷ ಹಳೆಯದು. ಬೇಕಾದರೆ ಮೊದಲ ವರ್ಷಕ್ಕೆ ಸೇರಿಕೊಳ್ಳಿ ತಾಯಿ" ಎಂದರು.

ಅವರು ಹೇಳಿದ್ದು ನಿಯಮದ ಮಾತು. ಶಿವಮೊಗ್ಗದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಆರಂಭವಾದದ್ದು 1987ರಲ್ಲಿ. ಹಾಸನದ ಕಾಲೇಜುಗಳು ಆಗ ಮೈಸೂರಿನ ಅಡಿಯಲ್ಲೇ ಇದ್ದವು. ತವರು ಒಂದು ವಿಶ್ವವಿದ್ಯಾನಿಲಯದಲ್ಲಿ, ಗಂಡನ ಮನೆ ಇನ್ನೊಂದರಲ್ಲಿ! ಜಾತಕ ನೋಡುವಾಗ ಇದನ್ನು ಯಾರು ನೋಡುತ್ತಾರೆ ಹೇಳಿ?

ಸರಿ, ಮೊದಲಿನಿಂದಲೇ ಓದೋಣ ಎಂದುಕೊಂಡು ವೇಳಾಪಟ್ಟಿ ಕೇಳಿದೆ. ಬಿ.ಎಸ್ಸಿ.ಗೆ ವಾರದಲ್ಲಿ ಮೂರು ದಿನ ಮಧ್ಯಾಹ್ನ ಪ್ರಾಕ್ಟಿಕಲ್, ಸಂಜೆ ಐದರವರೆಗೆ. ಮಕ್ಕಳ ಶಾಲೆ ಬಿಡುವುದು ಮೂರೂವರೆಗೆ. ಬಿ.ಎ. ತರಗತಿಗಳು ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಒಂದೂವರೆಗೆಲ್ಲ ಮುಗಿಯುತ್ತವೆ. ನಾನು ವಿಜ್ಞಾನ ಬಿಟ್ಟು ಕಲೆಗೆ ಬಂದದ್ದು ಹೀಗೆ. ಗಂಡುಹುಡುಗ ವಿಷಯ ಬದಲಾಯಿಸಿದರೆ, ಅವನ ಆಸಕ್ತಿ ಬೇರೆ ಕಡೆ ಹೊರಳಿತು ಎನ್ನುತ್ತಾರೆ. ನನ್ನ ಆಸಕ್ತಿ ಎಲ್ಲಿಗೂ ಹೊರಳಲಿಲ್ಲ. ಹೊರಳಿದ್ದು ಗೋಡೆಯ ಮೇಲಿನ ಗಡಿಯಾರದ ಮುಳ್ಳು. ಮದುವೆಯಾದ ಮೇಲೆ ಓದಿದ ಅನೇಕರನ್ನು ಕೇಳಿದ್ದೇನೆ. ಯಾಕೆ ಸಮಾಜಶಾಸ್ತ್ರ ತೆಗೆದುಕೊಂಡಿರಿ ಎಂದರೆ, "ಅದಕ್ಕೆ ಬಸ್ಸು ಹೊಂದುತ್ತಿತ್ತು" ಎಂದವರೇ ಹೆಚ್ಚು.

ಅಂಚೆ ಮೂಲಕ ಓದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತ್ತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಮ್ಮ ಬೀದಿಯಲ್ಲೇ ಇಬ್ಬರು ಸಿದ್ಧಪಾಠದ ಪುಸ್ತಕಗಳನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟುಕೊಂಡು ಓದಿ ಪಾಸಾದರು. ಅದು ಎಷ್ಟೋ ಹೆಣ್ಣುಮಕ್ಕಳ ಕೈಹಿಡಿದ ವ್ಯವಸ್ಥೆ. ಆದರೆ ನನಗೆ ತರಗತಿಯೇ ಬೇಕಿತ್ತು. ಮನೆಯೊಳಗೆ ಓದಿದರೆ ಮನೆ ನನ್ನನ್ನು ಓದಗೊಡುವುದಿಲ್ಲ ಎಂದು ಗೊತ್ತಿತ್ತು. ಕುಕ್ಕರು ಕೂಗಿದರೆ ಕದಂಬರು ಕಾಯಬೇಕಾಗುತ್ತದೆ.

ಹೊಸ ಕಾಲೇಜಿಗೆ ಸೇರಲು ಹಳೆಯ ಕಾಲೇಜಿನ ಟಿ.ಸಿ. ಬೇಕು. ಎಂಟು ವರ್ಷದ ಮೇಲೆ ಹಾಸನಕ್ಕೆ ಹೋದೆ. ದಪ್ಪ ರಿಜಿಸ್ಟರಿನ ಧೂಳು ಕೊಡವಿ ನನ್ನ ಹೆಸರು ಹುಡುಕಿದವರು, "ಒಂದು ಬುರೆಟ್ ಬಾಕಿ ಇದೆಯಲ್ಲಮ್ಮ" ಎಂದರು. ನಮ್ಮ ಬ್ಯಾಚಿನ ನಾಲ್ವರ ಹೆಸರಿಗೆ ಒಡೆದ ಗಾಜಿನ ಬುರೆಟ್ಟೊಂದರ ಲೆಕ್ಕ ಇನ್ನೂ ನಿಂತಿತ್ತು. ಉಳಿದ ಮೂವರು ಎಲ್ಲೆಲ್ಲಿದ್ದರೋ! ನಾಲ್ವರ ಪಾಲನ್ನೂ ನಾನೇ ಕಟ್ಟಿ ರಸೀದಿ ಪಡೆದೆ. ಎರಡು ವರ್ಷ ಓದಿದ ರಸಾಯನಶಾಸ್ತ್ರಕ್ಕೆ ಹೊಸ ಕಾಲೇಜಿನಲ್ಲಿ ಒಂದು ಅಂಕದ ಬೆಲೆಯೂ ಇರಲಿಲ್ಲ. ಒಡೆದ ಬುರೆಟ್ಟಿಗೆ ಮಾತ್ರ ಎಂಟು ವರ್ಷವಾದರೂ ಬೆಲೆ ಇತ್ತು. ಬಸ್ಸಿನಲ್ಲಿ ಕೂತು ಇದನ್ನು ನೆನೆದು ನಗು ಬಂತು. ಅರಸೀಕೆರೆ ದಾಟುವಾಗ ಅಳುವೂ ಬಂತು.

ಅಪ್ಪನಿಗೆ ಹೇಳುವುದು ಇನ್ನೂ ಕಷ್ಟವಾಯಿತು. "ಬಿ.ಎ.ಗೆ ಸೇರಿದೆ ಅಪ್ಪ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ" ಎಂದೆ. ಅವರು ಬೈಯಲಿಲ್ಲ. "ಹಾಗೋ" ಎಂದು ಹೇಳಿ ಎದ್ದು ಹಿತ್ತಲಿಗೆ ಹೋದರು. ಬೈದಿದ್ದರೆ ಒಂದು ದಿನದ ನೋವು. ಆ "ಹಾಗೋ" ಬಹಳ ದಿನ ಕಿವಿಯಲ್ಲಿತ್ತು. ನಮ್ಮ ಅತ್ತೆಯಾದರೋ ನೇರ ಮಾತಿನವರು. "ಈಗ ಓದಿ ಯಾವ ರಾಜ್ಯ ಆಳಬೇಕಿದೆಯೇ ನಿನಗೆ?" ಎಂದು ಗದರಿದರು. ಮಾರನೆಯ ದಿನದಿಂದ ಮಧ್ಯಾಹ್ನದ ಅನ್ನಕ್ಕೆ ಅವರೇ ಅಕ್ಕಿ ತೊಳೆದಿಡತೊಡಗಿದರು. ಆ ಕಾಲದ ಅತ್ತೆಯಂದಿರ ಪ್ರೀತಿ ಹಾಗೆಯೇ, ಮಾತಿನಲ್ಲಿ ಹುಡುಕಿದರೆ ಸಿಗದು.

ತರಗತಿಯಲ್ಲಿ ನನಗೆ ಇಪ್ಪತ್ತೆಂಟು, ಉಳಿದವರಿಗೆ ಹದಿನೆಂಟು. ಮೊದಲ ದಿನ ನಾನು ಒಳಗೆ ಬಂದೊಡನೆ ಎಲ್ಲರೂ ಎದ್ದು ನಿಂತು, "ನಮಸ್ತೆ ಮೇಡಂ" ಎಂದರು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾಗ ಆದ ನಗುವನ್ನು ನೀವೇ ಊಹಿಸಿಕೊಳ್ಳಿ. ಒಂದು ವಾರ "ಆಂಟಿ" ಆಗಿದ್ದೆ. ನೋಟ್ಸು ಕೊಡಲು ಶುರು ಮಾಡಿದ ಮೇಲೆ "ಅಕ್ಕ" ಆದೆ.

ನೋಟ್ಸಿನದೂ ಒಂದು ಕಥೆ. ತಿಂಗಳ ಕೊನೆಯಲ್ಲಿ ಹೊಸ ಪುಸ್ತಕ ಕೊಳ್ಳುವುದು ಬೇಡವೆಂದು ನನ್ನ ಹಳೆಯ ಪ್ರಾಣಿಶಾಸ್ತ್ರದ ರೆಕಾರ್ಡನ್ನೇ ಬಳಸತೊಡಗಿದೆ. ರೆಕಾರ್ಡೆಂದರೆ ಗೊತ್ತಲ್ಲ, ಎಡಗಡೆ ಚಿತ್ರಕ್ಕೆ ಬಿಳಿಯ ಪುಟ, ಬಲಗಡೆ ಬರೆಯಲು ಗೆರೆಯ ಪುಟ. ಕೊನೆಯ ಪಾಠದಲ್ಲಿ ಕಪ್ಪೆಯ ಅಪಧಮನಿಗಳ ಚಿತ್ರ ಮುಗಿಸಿದ್ದೆ. ವಿವರಣೆ ಬರೆಯುವಷ್ಟರಲ್ಲಿ ಮದುವೆಯ ಓಲಗ ಊದಿತ್ತು. ಆ ಖಾಲಿ ಬಲಪುಟದಲ್ಲಿ ಹೊಯ್ಸಳರ ನೋಟ್ಸು ಬಂತು. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ದೇವಾಲಯ ಕಟ್ಟಿಸಿದ ಎಂಬ ಸಾಲಿನ ಎದುರಿಗೇ ಕೆಂಪು ಪೆನ್ಸಿಲಿನ ಕಪ್ಪೆಯ ಹೃದಯ! ಮಗಳು ನೋಡಿ, "ಅಮ್ಮ, ಹೊಯ್ಸಳರ ಲಾಂಛನ ಕಪ್ಪೆಯಾ?" ಎಂದು ಕೇಳಿದಳು.

ಆ ಮೊದಲ ವರ್ಷದಲ್ಲೇ ಹಲ್ಮಿಡಿ ಶಾಸನದ ಪಾಠ ಬಂತು. ಕ್ರಿ.ಶ. 450ರ ಸುಮಾರಿನದು, ಹದಿನಾರು ಸಾಲಿನದು. ಅತ್ಯಂತ ಹಳೆಯ ಕನ್ನಡ ಶಾಸನವೆಂದು ಬಹುಕಾಲ ಹೆಸರಾಗಿದ್ದದ್ದು. ಈಗ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕಿದ ಶಾಸನ ಇನ್ನೂ ಹಳೆಯದು ಎನ್ನುವ ವಿದ್ವಾಂಸರಿದ್ದಾರೆ. ಅದಿರಲಿ. ಪಾಠದಲ್ಲಿ "ಹಾಸನ ಜಿಲ್ಲೆ, ಬೇಲೂರು ತಾಲ್ಲೂಕು" ಎಂದು ಕೇಳಿದ್ದೇ ನನಗೆ ಮೈ ಜುಮ್ಮೆಂದಿತು. ಅದು ನಮ್ಮ ತಾಲ್ಲೂಕು! ಅದೇ ದಾರಿಯಲ್ಲಿ ನೂರು ಸಲ ಬಸ್ಸಿನಲ್ಲಿ ಓಡಾಡಿದ್ದೇನೆ. ಕಪ್ಪೆಯ ಒಳಗೆ ಏನೇನಿದೆ ಎಂದು ಗೊತ್ತಿತ್ತು, ನಮ್ಮೂರ ಪಕ್ಕದಲ್ಲಿ ಏನಿತ್ತೆಂದು ಗೊತ್ತಿರಲಿಲ್ಲ.

1999ರ ಬೇಸಿಗೆ ರಜೆಗೆ ತವರಿಗೆ ಹೋದಾಗ ಅಪ್ಪನ ಎದುರು ಅದನ್ನು ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನನ್ನ ನೋಟ್ಸನ್ನು ಓದಿದರು. ಎದುರಿನ ಕಪ್ಪೆಯನ್ನೂ ನೋಡಿದರು. ಆಮೇಲೆ, "ನಡೀ, ನಾಳೆ ಹೋಗಿ ನೋಡಿ ಬರೋಣ" ಎಂದರು. ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರೇ ಹೊರಟೆವು. ಮದುವೆಯಾದ ಮೇಲೆ ಅಪ್ಪನ ಜೊತೆ ನಾನೊಬ್ಬಳೇ ಎಲ್ಲಿಗಾದರೂ ಹೋದದ್ದು ಅದೇ ಮೊದಲು. ವೀರಭದ್ರನ ಗುಡಿಯ ಮುಂದೆ ಇದ್ದ ಕಲ್ಲು ಅದು. ಆದರೆ ಮೂಲ ಶಾಸನ ಅಲ್ಲಿರಲಿಲ್ಲ. ಅದನ್ನು ಎಂದೋ ಮೈಸೂರಿಗೆ ಒಯ್ದು ಪುರಾತತ್ವದವರು ಜೋಪಾನ ಮಾಡಿದ್ದರು. (ಈಗ ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ.) ನನಗೆ ನಿರಾಸೆಯಾಯಿತು. ಅಪ್ಪ ಗುಡಿಯ ಜಗಲಿಯ ಮೇಲೆ ಕೂತು ಹೆಗಲ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತಾ, "ಬಿಡಮ್ಮ, ಅದೂ ಹೆಣ್ಣುಮಗಳ ಹಾಗೆ. ಹುಟ್ಟಿದ ಊರಿನಲ್ಲಿ ಉಳಿಯಲಿಲ್ಲ. ಆದರೆ ಹೆಸರು ಮಾತ್ರ ಇದೇ ಊರಿನದು ತಾನೇ?" ಎಂದರು.

ಆ ದಿನದ ಮೇಲೆ ಅಪ್ಪ ಯಾರಿಗೂ "ನಮ್ಮ ಹುಡುಗಿ ಸೈನ್ಸು" ಎನ್ನಲಿಲ್ಲ. "ನಮ್ಮ ಹುಡುಗಿ ಓದ್ತಾ ಇದಾಳೆ" ಎನ್ನುತ್ತಿದ್ದರಂತೆ. ಯಾವ ವಿಷಯ ಎಂದು ಯಾರಾದರೂ ಕೇಳಿದರೆ, "ಎಲ್ಲಾನೂ" ಎನ್ನುತ್ತಿದ್ದರಂತೆ.

ಇಷ್ಟಕ್ಕೆ ಮುಗಿಯಲಿಲ್ಲ. ಆ ವರ್ಷವೇ ಇವರಿಗೆ ಚಿಕ್ಕಮಗಳೂರಿಗೆ ವರ್ಗವಾಯಿತು. ಚಿಕ್ಕಮಗಳೂರು ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲೇ ಇದ್ದುದರಿಂದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಸಾಧ್ಯವಾಯಿತು. ಆದರೆ ನನಗೆ ಸಿಕ್ಕಿದ ಕಾಲೇಜಿನಲ್ಲಿ ಸಮಾಜಶಾಸ್ತ್ರವೇ ಇರಲಿಲ್ಲ, ಅದರ ಜಾಗದಲ್ಲಿ ಅರ್ಥಶಾಸ್ತ್ರವಿತ್ತು. ಹೊಸ ವಿಷಯದ ಮೊದಲ ವರ್ಷದ ಪತ್ರಿಕೆಯನ್ನೂ ಬರೆಯಬೇಕೆಂಬ ಷರತ್ತಿನ ಮೇಲೆ ಅನುಮತಿ ಬಂತು. ಒಂದೇ ವರ್ಷದಲ್ಲಿ ಎರಡು ವರ್ಷದ ಅರ್ಥಶಾಸ್ತ್ರ! ಆದರೆ ಒಂದು ಮಾತು ಹೇಳುತ್ತೇನೆ, ಸಂಸಾರ ಮಾಡಿದವಳಿಗೆ ಅರ್ಥಶಾಸ್ತ್ರ ಹೊಸದಲ್ಲ. ಇಳಿಮುಖ ಸೀಮಾಂತ ತುಷ್ಟಿಗುಣ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದಾಗ ಹುಡುಗಿಯರು ಮುಖ ಮುಖ ನೋಡಿಕೊಂಡರು. ನಾನು ಎಷ್ಟು ಹಬ್ಬಗಳಲ್ಲಿ ಬಡಿಸಿದ್ದೇನೆ! ಮೊದಲ ಒಬ್ಬಟ್ಟಿಗೆ ಕಣ್ಣರಳಿಸಿದವರು ಐದನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಕಂಡಿದ್ದೇನೆ. ಆ ನಿಯಮಕ್ಕೆ ಅಷ್ಟುದ್ದದ ಹೆಸರಿದೆ ಎಂಬುದಷ್ಟೇ ನನಗೆ ಹೊಸದು.

2001ರಲ್ಲಿ ಬಿ.ಎ. ಮುಗಿಯಿತು. ಮರು ವರ್ಷ ಬಿ.ಎಡ್. ಆಗ ಅದು ಒಂದೇ ವರ್ಷದ್ದಾಗಿತ್ತು. 2015ರಿಂದ ಎರಡು ವರ್ಷವಾಯಿತು. ಆಮೇಲೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾದೆ. ಇಪ್ಪತ್ತು ವರ್ಷ ದಾಟಿತು, ಇನ್ನೂ ಅದೇ ಕೆಲಸ.

ಹಾಗಾದರೆ ರಸಾಯನಶಾಸ್ತ್ರ ಎಲ್ಲಿ ಹೋಯಿತು? ಹೋಯಿತು ಎಂದೇ ಹೇಳಬೇಕು. ನಾನು ಮತ್ತೆಂದೂ ಲ್ಯಾಬಿನಲ್ಲಿ ವಿದ್ಯಾರ್ಥಿನಿಯಾಗಿ ನಿಲ್ಲಲಿಲ್ಲ. "ಆದದ್ದೆಲ್ಲ ಒಳ್ಳೆಯದಕ್ಕೇ" ಎಂದು ಸಮಾಧಾನ ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಶಾಲೆಯ ವಿಜ್ಞಾನ ಕೊಠಡಿಯ ಮುಂದೆ ಹಾದುಹೋಗುವಾಗ ಸ್ಪಿರಿಟ್ ದೀಪದ ವಾಸನೆ ಬಂದರೆ ಕಾಲು ಈಗಲೂ ಒಂದು ಗಳಿಗೆ ನಿಲ್ಲುತ್ತದೆ. ಕಳೆದುಕೊಂಡದ್ದನ್ನು ಕಳೆದುಕೊಂಡೆ ಎಂದು ಒಪ್ಪಿಕೊಂಡರೆ, ದಕ್ಕಿದ್ದನ್ನು ದಕ್ಕಿತು ಎನ್ನಲು ಬಾಯಿ ಬರುತ್ತದೆ.

ದಕ್ಕಿದ್ದೂ ಕಡಿಮೆಯಲ್ಲ. ಹರಪ್ಪ ನಾಗರಿಕತೆಯ ಪಾಠದಲ್ಲಿ ಕಂಚಿನ ನರ್ತಕಿಯ ವಿಗ್ರಹ ಬಂದಾಗ, ಕಂಚೆಂದರೆ ತಾಮ್ರಕ್ಕೆ ತವರ ಬೆರೆಸಿದ್ದು ಎಂದು ಹೇಳಿ ಬಿಡುವುದಿಲ್ಲ. ನಮ್ಮ ಮಕ್ಕಳಲ್ಲಿ ಅಡಿಕೆ ತೋಟದವರು ಬಹಳ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಅವರಿಗೆ ಗೊತ್ತು. ಅದರಲ್ಲಿರುವುದೂ ಇದೇ ತಾಮ್ರ. ವಿಜ್ಞಾನದ ಮೇಷ್ಟ್ರನ್ನು ಕೇಳಿ ಒಂದು ದೀಪ ತಂದು ಆ ಹಸಿರು ಜ್ವಾಲೆಯನ್ನು ತೋರಿಸುತ್ತೇನೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಹೇಳುವ ದಿನ ಉಪ್ಪುನೀರನ್ನು ತಟ್ಟೆಯಲ್ಲಿ ಬಿಸಿಲಿಗಿಡಿಸುತ್ತೇನೆ. ನಾಲ್ಕು ದಿನದ ಮೇಲೆ ತಳದಲ್ಲಿ ಬಿಳಿಯ ಹರಳು ಕಂಡಾಗ, "ಇಷ್ಟಕ್ಕೆ ಜೈಲಿಗೆ ಹಾಕಿದರಾ ಮಿಸ್?" ಎಂದು ಒಬ್ಬ ಹುಡುಗ ಕೇಳಿದ. ಆ ಒಂದು ಪ್ರಶ್ನೆಗೆ ನನ್ನ ಎರಡೂ ಕಾಲೇಜು ಓದು ಬೇಕಾಗಿತ್ತು.

ಈಚೆಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಪೋಷಕರ ಸಭೆ ಮುಗಿದ ಮೇಲೂ ನಿಂತಿದ್ದರು. ಎರಡು ವರ್ಷ ಬಿ.ಕಾಂ. ಓದಿ ಮದುವೆಯಾದವರು. ಈಗ ಬಿ.ಎ. ಮಾಡಿ ಟೀಚರ್ ಆಗಬೇಕೆಂಬ ಆಸೆ. "ಓದಿದ್ದ ಎರಡು ವರ್ಷ ದಂಡವೇ ಮಿಸ್?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಕಾಲ ಬದಲಾಗಿದೆ. ಯು.ಜಿ.ಸಿ. 2021ರಲ್ಲಿ ಕ್ರೆಡಿಟ್‌ಗಳ ಬ್ಯಾಂಕ್ ಒಂದನ್ನು ಜಾರಿಗೆ ತಂದಿತು. ಅದಕ್ಕೆ ಸೇರಿದ ವಿದ್ಯಾಸಂಸ್ಥೆಯಲ್ಲಿ ಪಾಸು ಮಾಡಿದ್ದನ್ನು ಖಾತೆಯಲ್ಲಿಟ್ಟು, ಇನ್ನೊಂದರಲ್ಲಿ ಓದು ಮುಂದುವರಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳುವ ವ್ಯವಸ್ಥೆ. ಆದರೆ ಆ ಗಂಟಿಗೂ ಹೆಚ್ಚೆಂದರೆ ಏಳು ವರ್ಷದ ಆಯುಷ್ಯ. ನಾನು ತಿರುಗಿ ಹೋದದ್ದು ಎಂಟು ವರ್ಷಕ್ಕೆ! ಎರಡು ಬಾಣಂತನ, ಒಂದು ಕಾಯಿಲೆ, ಒಂದು ಮದುವೆ ಕಳೆದರೆ ಏಳು ವರ್ಷ ಎಲ್ಲಿ ಉಳಿಯುತ್ತದೆ? ನಿಯಮ ಬರೆಯುವವರ ಪಕ್ಕದಲ್ಲಿ ಸಂಸಾರ ಮಾಡುತ್ತಾ ಓದಿದ ಒಬ್ಬ ಹೆಂಗಸು ಕೂತಿರಬೇಕು ಎಂದು ನನಗೆ ಅನ್ನಿಸುವುದು ಇಂಥ ಕಡೆ. ನಮ್ಮ ರಾಜ್ಯದಲ್ಲಿ ಪದವಿಯ ಸ್ವರೂಪವೂ ಪದೇ ಪದೇ ಬದಲಾಗಿದೆ. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಆದ್ದರಿಂದ ಅಕ್ಕನೋ ಅತ್ತಿಗೆಯೋ ಓದಿದ ಕಾಲದ ನಿಯಮವನ್ನು ನಂಬಿ ಹೊರಡಬೇಡಿ. ನೀವು ಸೇರುವ ವರ್ಷದ ನಿಯಮವನ್ನು ನೀವೇ ಕೇಳಿ. ದೂರಶಿಕ್ಷಣವಾದರೆ ಆ ಕೋರ್ಸಿಗೆ ಆ ವರ್ಷ ಯು.ಜಿ.ಸಿ.ಯ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿ.

ಇನ್ನೊಂದು ಮಾತು. ಟೀಚರ್ ಆಗಬೇಕೆಂದಿದ್ದರೆ ಲೆಕ್ಕವನ್ನು ಕೊನೆಯಿಂದ ಹಾಕಿ. ಬಿ.ಎಡ್.ನಲ್ಲಿ ಯಾವ ವಿಷಯ ಬೋಧಿಸಲು ಕಲಿಯಬೇಕೋ ಅದನ್ನು ಪದವಿಯಲ್ಲಿ ಓದಿರಬೇಕಾಗುತ್ತದೆ. ಕಾಲೇಜು ಹತ್ತಿರವಿದೆ ಎಂದು ಯಾವುದೋ ಮೂರು ವಿಷಯ ತೆಗೆದುಕೊಂಡರೆ ಮೂರು ವರ್ಷದ ಮೇಲೆ ಇನ್ನೊಂದು ಬಾಗಿಲು ಮುಚ್ಚಿರುತ್ತದೆ. ಬಸ್ಸು ಹೊಂದಬೇಕು ನಿಜ. ಆ ಬಸ್ಸು ನಾವು ಹೋಗಬೇಕಾದ ಊರಿಗೂ ಹೋಗಬೇಕು.

ದಂಡವೇ ಎಂಬ ಪ್ರಶ್ನೆಗೆ ಮಾತ್ರ ನಾನು ನೇರ ಉತ್ತರ ಕೊಡಲಿಲ್ಲ. "ಕಚೇರಿಯ ಲೆಕ್ಕದಲ್ಲಿ ಇರಬಹುದು. ತರಗತಿಯಲ್ಲಿ ನಿಂತು ಒಂದು ವರ್ಷ ಪಾಠ ಮಾಡಿ, ಆಮೇಲೆ ನೀವೇ ಬಂದು ನನಗೆ ಹೇಳಿ" ಎಂದೆ. ಅವರು ನಕ್ಕು, "ಮೊದಲು ಏನು ಮಾಡಲಿ?" ಎಂದರು. ಅದಕ್ಕೆ ಉತ್ತರ ಸುಲಭವಿತ್ತು. "ಮೊದಲು ಮನೆಗೆ ಹೋಗಿ ಬೀರುವಿನಲ್ಲಿ ಅಂಕಪಟ್ಟಿ ಎಲ್ಲಿದೆ ಹುಡುಕಿ. ಹಳೆಯ ಕಾಲೇಜಿಗೆ ಹೋಗಿ ಟಿ.ಸಿ. ತನ್ನಿ. ಹೋಗುವಾಗ ಕೈಯಲ್ಲಿ ಸ್ವಲ್ಪ ದುಡ್ಡು ಇರಲಿ, ಏನೇನು ಬಾಕಿ ಇಟ್ಟು ಬಂದಿದ್ದೀರೋ ಯಾರಿಗೆ ಗೊತ್ತು!"